ಎರೆ ಹೊಲದಲ್ಲಿ ಜೀಪು: ಇಡಿ ಅಚ್ಚಿನ ವಾಹನದ ಭೌತವಿಜ್ಞಾನ

ರಾಯಚೂರಿನಿಂದ ದಕ್ಷಿಣಕ್ಕೆ ಯರಗೇರಾ ಕಡೆಗೆ ಹೋಗುವಾಗ ದಾರಿಯ ಎರಡೂ ಬದಿಯ ನೆಲವನ್ನು ಗಮನಿಸಿ. ಒಂದು ಕಡೆ ಕೆಂಪಗೆ, ಮರಳು ಮರಳಾಗಿ ಇರುವ ಮಸಾರಿ; ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಪ್ಪು ಎರೆ. ಬೇಸಿಗೆಯಲ್ಲಿ ಎರೆ ಹೊಲದ ದಾರಿ ಸಿಮೆಂಟಿನಷ್ಟು ಗಟ್ಟಿ. ಎರಡು ಹದ ಮಳೆ ಬಿದ್ದರೆ ಅದೇ ದಾರಿ ಚಪ್ಪಲಿಯನ್ನು ಕಾಲಿನಿಂದ ಕಿತ್ತು ಇಟ್ಟುಕೊಳ್ಳುತ್ತದೆ. ಮಾನವಿ, ದೇವದುರ್ಗ, ರಾಯಚೂರು ತಾಲ್ಲೂಕುಗಳಲ್ಲಿ ಹೊಲದ ಮನೆಗಳಿರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಈ ಲೇಖನಕ್ಕೆ ಕಾರಣ ನನ್ನ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ. ಅವರ ಮನೆಯಲ್ಲಿ ಹಳೆಯದೊಂದು ಡೀಸೆಲ್ ಜೀಪು ಇದೆ. ಒಂದು ಮಳೆಗಾಲದ ರಾತ್ರಿ ಅಕ್ಕನಿಗೆ ಹೆರಿಗೆ ನೋವು ಬಂದು ಜೀಪಿನಲ್ಲಿ ಕೂರಿಸಿಕೊಂಡು ಹೊರಟರೆ, ಹೊಲದ ದಾರಿಯ ಅರ್ಧದಲ್ಲಿ ಜೀಪು ಹೂತುಹೋಯಿತು. ಒಂದು ಚಕ್ರ ಗಿರ್ರನೆ ತಿರುಗುತ್ತಿತ್ತು, ಪಕ್ಕದ ಚಕ್ರ ಕಲ್ಲಿನಂತೆ ನಿಂತಿತ್ತು. ಟ್ರ್ಯಾಕ್ಟರು ಬಂದು ಎಳೆಯುವ ತನಕ ಎರಡು ಗಂಟೆ. ದೈವವಶಾತ್ ತಾಯಿ ಮಗು ಇಬ್ಬರೂ ಉಳಿದರು. ಮರುವಾರ ಹುಡುಗ ನನ್ನ ಕೊಠಡಿಗೆ ಬಂದು ಕೇಳಿದ: "ಸರ್, ಜೀಪು ಪೂರಾ ಬಿಚ್ಚಿ ಹೊಸದಾಗಿ ಕಟ್ಟಿಸ್ಬೇಕಂತ ಮಾಡೀವ್ರಿ. ನಾಕು ಇಂಚು ಎತ್ತಿಸಿ, ಮೂವತ್ಮೂರು ಇಂಚಿನ ಟೈರು ಹಾಕ್ಸಿದ್ರ ಹ್ಯಾಂಗಾಗ್ತದ್ರೀ?"

ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಪಿಯುಸಿಯಿಂದ ಎಂ.ಎಸ್ಸಿ.ವರೆಗೆ ನಾವು ಓದುವ ಯಂತ್ರಶಾಸ್ತ್ರದ ಬಹುಭಾಗ ಅದರೊಳಗೆ ಅಡಗಿದೆ. ಬನ್ನಿ, ಒಂದೊಂದಾಗಿ ಬಿಡಿಸೋಣ.

ಬಂಡಿಯ ಅಚ್ಚಿನಿಂದ ಆರಂಭ

ಎತ್ತಿನ ಬಂಡಿಯಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯ್ದ ಒಂದೇ ಅಚ್ಚು ಇರುತ್ತದೆ. ಅಚ್ಚು ತಿರುಗುವುದಿಲ್ಲ, ಅದರ ಎರಡು ತುದಿಗಳಲ್ಲಿ ಚಕ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ. ಬಂಡಿ ಎಡಕ್ಕೆ ಹೊರಳಿದರೆ ಬಲ ಚಕ್ರ ಹೆಚ್ಚು ದೂರ ಉರುಳಬೇಕು, ಎಡ ಚಕ್ರ ಕಡಿಮೆ. ಎರಡೂ ಸ್ವತಂತ್ರವಾದ್ದರಿಂದ ತೊಂದರೆಯೇ ಇಲ್ಲ. ಬಂಡಿಯ ಅಚ್ಚು ಭಾರ ಹೊರುತ್ತದೆ, ಆದ್ದರಿಂದ ಬಾಗಲು ನೋಡುತ್ತದೆ. ಆದರೆ ಅದು ತಿರುಚಿಕೊಳ್ಳುವುದಿಲ್ಲ, ಏಕೆಂದರೆ ಬಂಡಿಯನ್ನು ಎಳೆಯುವುದು ಎತ್ತು, ಚಕ್ರವಲ್ಲ.

ಮೋಟಾರು ವಾಹನದಲ್ಲಿ ಚಕ್ರವೇ ನೆಲವನ್ನು ಹಿಂದಕ್ಕೆ ತಳ್ಳಬೇಕು. ಹಾಗಾಗಿ ಎರಡೂ ಚಕ್ರಗಳಿಗೆ ಎಂಜಿನ್ನಿನಿಂದ ತಿರುಗುಬಲ, ಅಂದರೆ ಟಾರ್ಕು ಬರಬೇಕು. ಜೊತೆಗೆ ತಿರುವಿನಲ್ಲಿ ಎರಡಕ್ಕೂ ಬೇರೆ ಬೇರೆ ವೇಗ ಬೇಕು. ಈ ಎರಡು ಬೇಡಿಕೆಗಳನ್ನು ಒಟ್ಟಿಗೆ ಪೂರೈಸುವ ಸಾಧನವೇ ಡಿಫರೆನ್ಶಿಯಲ್. ಫ್ರಾನ್ಸಿನ ಓನೆಸಿಫೋರ್ ಪೆಕರ್ 1827ರಲ್ಲಿ ಉಗಿಗಾಡಿಗಾಗಿ ಇದನ್ನು ರೂಪಿಸಿದ.

ಇಡಿ ಅಚ್ಚಿನ ವಾಹನದಲ್ಲಿ ಒಂದು ಉಕ್ಕಿನ ಕೊಳವೆ ಎಡ ಚಕ್ರದಿಂದ ಬಲ ಚಕ್ರದವರೆಗೆ ಬಾಗದ ಒಂದೇ ತುಂಡಾಗಿ ಇರುತ್ತದೆ. ಇದನ್ನು ಗ್ಯಾರೇಜುಗಳಲ್ಲಿ ಹೌಸಿಂಗ್ ಎನ್ನುತ್ತಾರೆ. ಅದರ ನಡುವೆ ಉಬ್ಬಿದ ಬುರುಡೆಯೊಳಗೆ ಕ್ರೌನ್ ಮತ್ತು ಪಿನಿಯನ್ ಗೇರುಗಳು, ಡಿಫರೆನ್ಶಿಯಲ್. ಅಲ್ಲಿಂದ ಎರಡೂ ಬದಿಗೆ ಹೋಗುವ ಅರ್ಧ ಶಾಫ್ಟುಗಳು. ಲಾರಿಗಳ ಹಿಂದಿನ ಅಚ್ಚು, ಹಳೆಯ ಜೀಪುಗಳ ಮುಂದಿನ ಮತ್ತು ಹಿಂದಿನ ಅಚ್ಚುಗಳು ಈ ಬಗೆಯವು.

ಲಾರಿ ಗ್ಯಾರೇಜಿನ ಮುಂದೆ ಒಮ್ಮೆ ನಿಂತು ನೋಡಿ. ಚಕ್ರ ಬಿಚ್ಚದೆ, ಜಾಕೂ ಹಾಕದೆ, ಮೆಕ್ಯಾನಿಕ್ ಉದ್ದನೆಯ ಶಾಫ್ಟನ್ನು ಹೊರಗೆ ಎಳೆದುಬಿಡುತ್ತಾನೆ. ಲಾರಿ ಹಾಗೇ ನಿಂತಿರುತ್ತದೆ! ಅಲ್ಲಿ ಭಾರ ಹೊರುವುದು ಕೊಳವೆ. ಒಳಗಿನ ಶಾಫ್ಟಿನ ಕೆಲಸ ತಿರುಚುವುದಷ್ಟೇ. ಇದಕ್ಕೆ ಫುಲ್ ಫ್ಲೋಟಿಂಗ್ ಅಚ್ಚು ಎಂದು ಹೆಸರು. ಬಂಡಿಯ ಅಚ್ಚು ಹೊರುತ್ತದೆ, ತಿರುಚಿಕೊಳ್ಳುವುದಿಲ್ಲ. ಈ ಶಾಫ್ಟು ತಿರುಚಿಕೊಳ್ಳುತ್ತದೆ, ಹೊರುವುದಿಲ್ಲ. ಸೆಮಿ ಫ್ಲೋಟಿಂಗ್ ಬಗೆಯಲ್ಲಿ ಶಾಫ್ಟಿನ ಹೊರತುದಿ ಎರಡೂ ಕೆಲಸ ಮಾಡಬೇಕು. ಆಗ ಶಾಫ್ಟು ಮುರಿದರೆ ಚಕ್ರವೂ ಕಳಚಿ ಹೋಗುವ ಅಪಾಯವಿದೆ.

ಜೀಪು ನಮ್ಮಲ್ಲಿಗೆ ಬಂದ ಬಗೆ

1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರಗಳಿಂದ ನಡೆಯುವ ಒಂದು ವಾಹನಕ್ಕಾಗಿ ಕರೆ ಕೊಟ್ಟಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿಯ ಮೊದಲ ಮಾದರಿಯಿಂದ ಬೆಳೆದು, 1941ರಿಂದ ವಿಲ್ಲಿಸ್ ಎಂ.ಬಿ. ಹೆಸರಿನಲ್ಲಿ ಲಕ್ಷಗಟ್ಟಲೆ ತಯಾರಾದದ್ದೇ ಜೀಪು. ಮುಂದೆ ಹಿಂದೆ ಎರಡೂ ಇಡಿ ಅಚ್ಚು, ಪಟ್ಟಿಗಳನ್ನು ಜೋಡಿಸಿದ ಕಮಾನು ಸ್ಪ್ರಿಂಗು, 2.2 ಲೀಟರಿನ ಎಂಜಿನ್ನು. 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆ ಇದನ್ನು ಜೋಡಿಸಲು ತೊಡಗಿತು. ಮುಂದೆ ದಶಕಗಳ ಕಾಲ ತಹಶೀಲ್ದಾರರ ಕಚೇರಿ, ನೀರಾವರಿ ಇಲಾಖೆ, ಪೊಲೀಸ್ ಠಾಣೆ, ಎಲ್ಲೆಡೆ ಅದರ ಸಂತತಿಯೇ. 1985ರಲ್ಲಿ ಬಂದ ಮಾರುತಿ ಜಿಪ್ಸಿ, 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಜಿಮ್ನಿ, ಇವೆರಡೂ ಮುಂದೆ ಹಿಂದೆ ಇಡಿ ಅಚ್ಚಿನವೇ. 2010ರಲ್ಲಿ ಬಂದ ಥಾರ್ ಮಾತ್ರ ಮುಂದಿನ ಚಕ್ರಗಳನ್ನು ಬೇರೆ ಬೇರೆಯಾಗಿ ತೂಗುಹಾಕಿ, ಹಿಂದೆ ಇಡಿ ಅಚ್ಚನ್ನು ಉಳಿಸಿಕೊಂಡಿತು.

ರಸ್ತೆಯ ಕಾರುಗಳು ಬಹುತೇಕ ಬಿಟ್ಟುಬಿಟ್ಟಿರುವ ಈ ಹಳೆಯ ಏರ್ಪಾಡು ಒರಟು ನೆಲದಲ್ಲಿ ಇನ್ನೂ ಏಕೆ ಉಳಿದಿದೆ? 1343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಹತ್ತುವ ಜೀಪುಗಳನ್ನು ನೋಡಿದವರಿಗೆ ಉತ್ತರ ಕಣ್ಣಿಗೇ ಕಾಣುತ್ತದೆ. ಒಂದು ಬದಿಯ ಚಕ್ರ ಬಂಡೆ ಏರಿದಾಗ ಅಚ್ಚು ತೂಗುಹಲಗೆಯಂತೆ ಓರೆಯಾಗುತ್ತದೆ. ಇನ್ನೊಂದು ಬದಿಯ ಚಕ್ರ ಗುಂಡಿಯೊಳಕ್ಕೆ ಒತ್ತಲ್ಪಡುತ್ತದೆ. ನಾಲ್ಕು ಕಾಲಿನ ಮೇಜು ಅಂಕುಡೊಂಕು ನೆಲದಲ್ಲಿ ಗಡಗಡಿಸುತ್ತದೆ, ಮೂರು ಕಾಲಿನ ಪೀಠ ಗಡಗಡಿಸುವುದಿಲ್ಲ ಎಂಬುದು ನಿಮಗೆ ಗೊತ್ತು. ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವೆ ಒಂದೇ ಗೂಟದ ಮೇಲೆ ಓಲಾಡುವುದು ಇದೇ ಕಾರಣಕ್ಕೆ: ಹಿಂದಿನ ಎರಡು ಚಕ್ರ ಮತ್ತು ಮುಂದಿನ ಗೂಟ ಸೇರಿ ಮೂರು ಕಾಲಿನ ಪೀಠವಾಗುತ್ತವೆ. ಜೊತೆಗೆ, ಜೀಪಿನ ದೇಹ ಎಷ್ಟೇ ಕುಗ್ಗಿದರೂ ಅಚ್ಚಿನ ಬುರುಡೆ ನೆಲದಿಂದ ಇರುವ ಎತ್ತರವನ್ನು ನಿರ್ಧರಿಸುವುದು ಟೈರಿನ ತ್ರಿಜ್ಯ ಮಾತ್ರ.

ದೋಷಗಳೂ ಇವೆ. ಅಚ್ಚು, ಬುರುಡೆ, ಚಕ್ರ ಇಷ್ಟೂ ಭಾರ ಸ್ಪ್ರಿಂಗಿನ ಕೆಳಗೆ ಇರುವುದರಿಂದ ಕುಲುಕು ಹೆಚ್ಚು. ಇನ್ನೊಂದು ದೋಷ ಭೌತವಿಜ್ಞಾನದವರಿಗೆ ಇಷ್ಟವಾಗುವಂಥದು. ತಿರುಗುವ ಚಕ್ರದ ಕೋನೀಯ ಸಂವೇಗ ಅಚ್ಚಿನ ದಿಕ್ಕಿನಲ್ಲಿರುತ್ತದೆ. ಒಂದು ಬದಿ ಉಬ್ಬಿನ ಮೇಲೆ ಏರಿ ಅಚ್ಚು ಓರೆಯಾದರೆ ಆ ಸಂವೇಗದ ದಿಕ್ಕು ಬದಲಾಗಬೇಕು. ಬದಲಾವಣೆ ಮೇಲು ಕೆಳಗಿನ ದಿಕ್ಕಿನಲ್ಲಿ. ಅದಕ್ಕೆ ಬೇಕಾದ ಟಾರ್ಕು ಲಂಬ ಅಕ್ಷದ ಸುತ್ತ, ಎಂದರೆ ಸ್ಟೀರಿಂಗು ತಿರುಗುವ ಅಕ್ಷದ ಸುತ್ತಲೇ! ಆದ್ದರಿಂದ ಚಕ್ರಗಳು ತಾವಾಗಿ ಎಡಬಲಕ್ಕೆ ಹೊರಳಲು ನೋಡುತ್ತವೆ. ಜಾಯಿಂಟುಗಳು ಸಡಿಲವಾಗಿದ್ದರೆ ಈ ಹೊರಳಾಟ ಬೆಳೆದು ಇಡೀ ಮುಂಭಾಗ ನಡುಗುತ್ತದೆ. ಹಳೆಯ ಜೀಪು ಓಡಿಸಿದವರಿಗೆ ಇದರ ಭಯ ಗೊತ್ತಿದೆ. ಚಕ್ರ ದೊಡ್ಡದಾಗಿ, ಭಾರವಾಗಿ ಆದಷ್ಟೂ ನಡುಕ ಹೆಚ್ಚು.

ಎಂಜಿನ್ನಿಗೆ ಶಕ್ತಿ ಸಾಲದೇ?

ಹೂತುಹೋದ ಜೀಪಿನ ಸುತ್ತ ನಿಂತವರು ಸಾಮಾನ್ಯವಾಗಿ ಹೇಳುವ ಮಾತು: "ಎಂಜಿನ್ನಿಗೆ ದಮ್ಮಿಲ್ಲ." ಲೆಕ್ಕ ಹಾಕಿ ನೋಡೋಣ. ಮೂಲ ವಿಲ್ಲಿಸ್ ಜೀಪಿನ ಅಂಕಿಗಳನ್ನೇ ತೆಗೆದುಕೊಳ್ಳೋಣ. ಎಂಜಿನ್ನಿನ ಗರಿಷ್ಠ ಟಾರ್ಕು ಸುಮಾರು 142 ನ್ಯೂಟನ್ ಮೀಟರ್. ಮೊದಲ ಗೇರಿನ ಅನುಪಾತ 2.665, ನಾಲ್ಕು ಚಕ್ರಗಳಿಗೆ ಹಂಚುವ ಪೆಟ್ಟಿಗೆಯ ಕೆಳ ಗೇರು 1.97, ಅಚ್ಚಿನ ಕ್ರೌನ್ ಪಿನಿಯನ್ 4.88. ಮೂರನ್ನೂ ಗುಣಿಸಿದರೆ:

2.665 × 1.97 × 4.88 = 25.6

ಎಂಜಿನ್ನು 25.6 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ವೇಗ ಎಷ್ಟು ಪಟ್ಟು ಇಳಿಯಿತೋ ಟಾರ್ಕು ಅಷ್ಟು ಪಟ್ಟು ಏರುತ್ತದೆ: 142 × 25.6 = ಸುಮಾರು 3,640 ನ್ಯೂಟನ್ ಮೀಟರ್. ಗೇರುಗಳ ಘರ್ಷಣೆಗೆ ಶೇಕಡಾ 15 ಕಳೆದರೆ 3,090. ಟೈರಿನ ತ್ರಿಜ್ಯ 0.35 ಮೀಟರ್ ಎಂದು ಭಾಗಿಸಿದರೆ ನೆಲದ ಮೇಲೆ ತಳ್ಳುವ ಬಲ ಸುಮಾರು 8,800 ನ್ಯೂಟನ್. ಚಾಲಕ ಸೇರಿ 1,200 ಕಿಲೋಗ್ರಾಂ ಇರುವ ಜೀಪಿನ ತೂಕ ಸುಮಾರು 11,800 ನ್ಯೂಟನ್. ಅಂದರೆ ತನ್ನ ತೂಕದ ಮುಕ್ಕಾಲು ಪಾಲಿನಷ್ಟು ಬಲದಿಂದ ಅದು ತಳ್ಳಬಲ್ಲದು! ಈ ಗೇರಿನಲ್ಲಿ ಎಂಜಿನ್ನು ನಿಮಿಷಕ್ಕೆ 1,000 ಸುತ್ತು ತಿರುಗಿದರೆ ಜೀಪಿನ ವೇಗ ಗಂಟೆಗೆ ಸುಮಾರು 5 ಕಿಲೋಮೀಟರ್, ಬಿರುಸಾಗಿ ನಡೆಯುವ ಮನುಷ್ಯನ ವೇಗ.

ಇಷ್ಟು ಬಲವಿದ್ದೂ ಜೀಪು ಏಕೆ ನಿಂತಿತು? ನ್ಯೂಟನ್ನನ ಮೂರನೆಯ ನಿಯಮದ ಪ್ರಕಾರ, ಚಕ್ರ ನೆಲವನ್ನು ತಳ್ಳಿದಷ್ಟೇ ನೆಲವೂ ಚಕ್ರವನ್ನು ತಳ್ಳಬೇಕು. ನೆಲಕ್ಕೆ ಆ ತಾಕತ್ತಿಲ್ಲದಿದ್ದರೆ?

ಎರೆಮಣ್ಣು ಎಷ್ಟು ತಡೆದೀತು?

ವಿದ್ಯುತ್ತಿನ ಪಾಠದಲ್ಲಿ ನಾವು ಓದುವ ಕೂಲಂಬನೇ ಮಣ್ಣಿನ ವಿಷಯದಲ್ಲೂ ಒಂದು ನಿಯಮ ಕೊಟ್ಟಿದ್ದಾನೆ. ಚಕ್ರದ ಕೆಳಗಿನ ಮಣ್ಣು ಜಾರಿ ಕತ್ತರಿಸಿ ಹೋಗುವ ಮೊದಲು ತಡೆಯಬಲ್ಲ ಗರಿಷ್ಠ ಬಲ:

ಬಲ = ತಾಗಿದ ವಿಸ್ತೀರ್ಣ × ಸಂಸಕ್ತಿ + ತೂಕ × ಮಣ್ಣಿನ ಘರ್ಷಣಾ ಕೋನದ ಟ್ಯಾಂಜೆಂಟ್

ಮೊದಲ ಪದ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಬರುವುದು. ಎರಡನೆಯದು ಕಣಗಳ ಉಜ್ಜಾಟದಿಂದ. ತುಂಗಭದ್ರೆಯ ಒಣ ಮರಳಿನಲ್ಲಿ ಸಂಸಕ್ತಿ ಇಲ್ಲವೆನ್ನುವಷ್ಟು ಕಡಿಮೆ, ಎರಡನೆಯ ಪದವೇ ಎಲ್ಲ. ಮಸಾರಿಯೂ ಹೆಚ್ಚುಕಡಿಮೆ ಹಾಗೆಯೇ. ಎರೆಮಣ್ಣಿನ ಕಥೆ ಬೇರೆ. ಅದರಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಖನಿಜ ಪದರ ಪದರವಾಗಿದ್ದು, ಪದರಗಳ ನಡುವೆ ನೀರನ್ನು ಸೇರಿಸಿಕೊಂಡು ಉಬ್ಬುತ್ತದೆ. ನೆನೆದ ಜೇಡಿಯ ಮೇಲೆ ಚಕ್ರ ಥಟ್ಟನೆ ಬಂದು ಒತ್ತಿದಾಗ ನೀರು ಹೊರಗೆ ಹೋಗಲು ಸಮಯವಿರುವುದಿಲ್ಲ. ಭಾರವನ್ನು ಕಣಗಳಿಗೆ ಬದಲು ನೀರೇ ಹೊರುತ್ತದೆ. ಹಾಗಾಗಿ ಎರಡನೆಯ ಪದ ಮಾಯವಾಗುತ್ತದೆ. ಉಳಿಯುವುದು ವಿಸ್ತೀರ್ಣ ಮತ್ತು ಸಂಸಕ್ತಿಯ ಗುಣಲಬ್ಧ ಮಾತ್ರ. "ಹಿಂದೆ ನಾಲ್ಕು ಮಂದಿ ಕೂತರೆ ಹಿಡಿತ ಬರುತ್ತದೆ" ಎಂಬ ಮಾತು ಮರಳಿಗೆ ಸರಿ, ನೆನೆದ ಎರೆಗೆ ತಪ್ಪು.

ಮೆದು ಜೇಡಿಯ ಸಂಸಕ್ತಿ 20 ಕಿಲೋಪ್ಯಾಸ್ಕಲ್ ಎಂದುಕೊಳ್ಳಿ. ಒಂದೊಂದು ಚಕ್ರದ ಮೇಲಿನ ಭಾರ ಸುಮಾರು 3,000 ನ್ಯೂಟನ್. ಟೈರಿನ ಗೋಡೆಯ ಬಿಗಿತವನ್ನು ಬದಿಗಿಟ್ಟರೆ, ಟೈರು ನೆಲವನ್ನು ಒತ್ತುವ ಒತ್ತಡ ಅದರೊಳಗಿನ ಗಾಳಿಯ ಒತ್ತಡಕ್ಕೆ ಸಮ. 30 ಪೌಂಡು ಗಾಳಿ ಎಂದರೆ ಸುಮಾರು 207 ಕಿಲೋಪ್ಯಾಸ್ಕಲ್. ಆಗ ನೆಲಕ್ಕೆ ತಾಗುವ ವಿಸ್ತೀರ್ಣ 145 ಚದರ ಸೆಂಟಿಮೀಟರ್, ಅಂಗೈಯಷ್ಟು. ಅದನ್ನು 20 ಕಿಲೋಪ್ಯಾಸ್ಕಲ್‌ನಿಂದ ಗುಣಿಸಿದರೆ 290 ನ್ಯೂಟನ್. ನಾಲ್ಕು ಚಕ್ರಕ್ಕೆ 1,160.

ಈಗ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಿ. ಎಂಜಿನ್ನು ಕೊಡಬಲ್ಲದ್ದು 8,800 ನ್ಯೂಟನ್; ಮಣ್ಣು ತಡೆಯಬಲ್ಲದ್ದು 1,160. ಎಂಜಿನ್ನನ್ನು ಎರಡರಷ್ಟು ಬಲಪಡಿಸಿದರೂ ಈ ಎರಡನೆಯ ಅಂಕಿ ಒಂದಿಷ್ಟೂ ಏರುವುದಿಲ್ಲ. ಚಕ್ರ ಇನ್ನಷ್ಟು ಜೋರಾಗಿ ತಿರುಗಿ ಇನ್ನಷ್ಟು ಆಳಕ್ಕೆ ಇಳಿಯುತ್ತದೆ, ಅಷ್ಟೆ.

ಟೈರಿನ ಗಾಳಿಯನ್ನು 15 ಪೌಂಡಿಗೆ ಇಳಿಸಿದರೆ? ವಿಸ್ತೀರ್ಣ ಎರಡರಷ್ಟು, ಬಲವೂ ಎರಡರಷ್ಟು: 2,320 ನ್ಯೂಟನ್. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಮೆದು ಜೇಡಿ ತನ್ನ ಸಂಸಕ್ತಿಯ 5ರಿಂದ 6 ಪಟ್ಟು ಒತ್ತಡವನ್ನು ಹೊರಬಲ್ಲದು; ಅದಕ್ಕಿಂತ ಹೆಚ್ಚಾದರೆ ಕುಸಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಆ ಮಿತಿ 100ರಿಂದ 120 ಕಿಲೋಪ್ಯಾಸ್ಕಲ್. 30 ಪೌಂಡಿನ ಟೈರಿನ ಒತ್ತಡ 207, ಅದು ಹೂಳಲೇಬೇಕು. 15 ಪೌಂಡಿನದು ಸುಮಾರು 103. ಅದು ಬಹುಮಟ್ಟಿಗೆ ಮೇಲೆಯೇ ತೇಲುತ್ತದೆ. ಹೂತ ಚಕ್ರಕ್ಕೆ ಹೆಚ್ಚು ವಿಸ್ತೀರ್ಣ ಸಿಕ್ಕರೂ ತಾನು ತೋಡಿದ ಗುಂಡಿಯ ಗೋಡೆಯನ್ನು ಸದಾ ಏರುತ್ತಲೇ ಇರಬೇಕಾದ್ದರಿಂದ ಅದಕ್ಕೆ ಪ್ರಯೋಜನವಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕುವುದು ಇದೇ ತತ್ತ್ವದ ಮೇಲೆ. ವಾಹನ ಮತ್ತು ಮಣ್ಣಿನ ಈ ಸಂಬಂಧವನ್ನು ಒಂದು ಶಾಸ್ತ್ರವಾಗಿ ಬೆಳೆಸಿದವನು ಪೋಲೆಂಡ್ ಮೂಲದ ಎಂಜಿನಿಯರ್ ಬೆಕ್ಕರ್. 1971ರಲ್ಲಿ ಚಂದ್ರನ ಮೇಲೆ ಓಡಿದ ಗಾಡಿಯ ಚಕ್ರಗಳ ಹಿಂದೆಯೂ ಅವನ ಕೆಲಸವಿತ್ತು. ಎಲ್ಲಿಯ ಚಂದ್ರ, ಎಲ್ಲಿಯ ಮಾನವಿಯ ಗದ್ದೆ! ಸಮೀಕರಣ ಮಾತ್ರ ಒಂದೇ.

ಒಂದು ಎಚ್ಚರಿಕೆ: ಗಾಳಿ ಇಳಿಸಿದ ಟೈರಿನಲ್ಲಿ ಡಾಂಬರು ರಸ್ತೆಗೆ ಬಂದು ವೇಗವಾಗಿ ಓಡಿಸಬಾರದು. ಗೋಡೆ ಬಾಗಿ ಬಾಗಿ ಬಿಸಿಯೇರಿ ಟೈರು ಹಾಳಾಗುತ್ತದೆ. ತಿರುವಿನಲ್ಲಿ ರಿಮ್ಮಿನಿಂದ ಕಳಚಲೂಬಹುದು. ಕಾಲಿನಿಂದ ಒತ್ತುವ ಪಂಪು ಮತ್ತು ಗಾಳಿ ಅಳೆಯುವ ಮೀಟರು ಜೀಪಿನಲ್ಲಿ ಇರಲೇಬೇಕು.

ಒಂದು ಚಕ್ರ ತಿರುಗಿತು, ಇನ್ನೊಂದು ನಿಂತಿತು

ಡಿಫರೆನ್ಶಿಯಲ್ ಎರಡು ಚಕ್ರಗಳಿಗೆ ಬೇರೆ ಬೇರೆ ವೇಗಕ್ಕೆ ಅವಕಾಶ ಕೊಡುತ್ತದೆ. ಆದರೆ ಅದು ಹಂಚುವ ಟಾರ್ಕು ಯಾವಾಗಲೂ ಸಮಪಾಲು. ಒಳಗಿನ ಸಣ್ಣ ಗೇರು ತಕ್ಕಡಿಯ ದಂಡದಂತೆ: ಎರಡು ತುದಿಯ ಬಲಗಳು ಸಮವಾಗಿದ್ದರೆ ಮಾತ್ರ ಅದು ನಿಲ್ಲುತ್ತದೆ. ಎಡ ಚಕ್ರ ನೀರು ಕೆಸರಿನಲ್ಲಿದ್ದು ಮಣ್ಣು 70 ನ್ಯೂಟನ್ ಮಾತ್ರ ತಡೆಯುತ್ತದೆ, ಬಲ ಚಕ್ರ ಗರಿಕೆ ಬೆಳೆದ ಗಟ್ಟಿ ಬದುವಿನ ಮೇಲಿದ್ದು 1,000 ನ್ಯೂಟನ್ ತಡೆಯಬಲ್ಲದು ಎನ್ನಿ. ಒಟ್ಟು ಬಲ 1,070 ಆಗಬೇಕಿತ್ತು. ಆದರೆ ಬಲ ಚಕ್ರಕ್ಕೂ 70 ಮಾತ್ರ ಸಿಗುತ್ತದೆ, ಒಟ್ಟು 140. ಗಟ್ಟಿ ನೆಲದ ಹಿಡಿತ ಪೂರ್ತಿ ವ್ಯರ್ಥ. ಅಂದು ರಾತ್ರಿ ಆದದ್ದು ಇದೇ.

ನಾಲ್ಕು ಚಕ್ರದ ಚಾಲನೆ ಇದ್ದರೂ ಮುಂದಿನ ಒಂದು ಚಕ್ರ ಮತ್ತು ಹಿಂದೆ ಕರ್ಣದ ತುದಿಯ ಇನ್ನೊಂದು ಚಕ್ರ ಹಿಡಿತ ಕಳೆದುಕೊಂಡರೆ ಜೀಪು ನಿಲ್ಲುತ್ತದೆ. ಇಡಿ ಅಚ್ಚಿನ ಓಲಾಟ ಇಂಥ ಸಂದರ್ಭಗಳನ್ನು ಕಡಿಮೆ ಮಾಡುತ್ತದೆ, ಪೂರ್ತಿ ತಪ್ಪಿಸುವುದಿಲ್ಲ.

ಟ್ರ್ಯಾಕ್ಟರಿನಲ್ಲಿ ಇದಕ್ಕೆ ಪರಿಹಾರ ಎಂದೋ ಇದೆ. ಚಾಲಕ ಹಿಮ್ಮಡಿಯಿಂದ ಒಂದು ಪೆಡಲು ಒತ್ತಿದರೆ ಡಿಫರೆನ್ಶಿಯಲ್ ಲಾಕ್ ಆಗಿ ಎರಡು ಚಕ್ರಗಳೂ ಒಂದೇ ಶಾಫ್ಟಿಗೆ ಬೆಸೆದಂತೆ ತಿರುಗುತ್ತವೆ. ಜೀಪಿಗೂ ಇಂಥ ಲಾಕರ್ ಹಾಕಬಹುದು. ಹೊಸ ವಾಹನಗಳಲ್ಲಿ ಕಂಪ್ಯೂಟರು ಜಾರುವ ಚಕ್ರಕ್ಕೆ ಮಾತ್ರ ಬ್ರೇಕು ಹಾಕುತ್ತದೆ. ಸಮಪಾಲಿನ ನಿಯಮದಂತೆ, ಬ್ರೇಕಿನ ಎದುರು ಬೇಕಾದ ಟಾರ್ಕಿನಷ್ಟೇ ಟಾರ್ಕು ಇನ್ನೊಂದು ಚಕ್ರಕ್ಕೂ ಹೋಗುತ್ತದೆ. ಇದನ್ನು ಓದಿ ಹಳೆಯ ವಿಲ್ಲಿಸ್ ಮಾದರಿಯ ಕೈಬ್ರೇಕನ್ನು ಎಳೆಯಲು ಹೋಗಬೇಡಿ: ಅದು ಚಕ್ರಗಳಿಗಲ್ಲ, ಡಿಫರೆನ್ಶಿಯಲ್‌ಗೂ ಮೊದಲೇ ಪ್ರೊಪೆಲ್ಲರ್ ಶಾಫ್ಟಿಗೆ ಬೀಳುತ್ತದೆ.

ಲಾಕ್ ಮಾಡಿದ ಅಚ್ಚನ್ನು ಒಣ ಡಾಂಬರಿನ ಮೇಲೆ ತಿರುಗಿಸಬಾರದು. ಚಕ್ರಗಳಿಗೆ ಬೇರೆ ಬೇರೆ ದೂರ, ಆದರೆ ಒಂದೇ ವೇಗ. ಟೈರು ಉಜ್ಜಬೇಕು ಇಲ್ಲವೇ ಶಾಫ್ಟು ತಿರುಚಿಕೊಳ್ಳಬೇಕು.

ದೊಡ್ಡ ಟೈರು ಏನು ಕೊಡುತ್ತದೆ, ಏನು ಕಸಿಯುತ್ತದೆ?

28 ಇಂಚಿನ ಬದಲು 33 ಇಂಚಿನ ಟೈರು ಹಾಕಿದರೆ ಅಚ್ಚಿನ ಬುರುಡೆ ಎರಡೂವರೆ ಇಂಚು ಮೇಲೇಳುತ್ತದೆ. ಇದು ನಿಜವಾದ ಲಾಭ. ಈಗ ಬೆಲೆಯ ಪಟ್ಟಿ ನೋಡಿ.

ಮೊದಲನೆಯದು, ಟಾರ್ಕು ಅದೇ, ತ್ರಿಜ್ಯ ಹೆಚ್ಚು. ಆದ್ದರಿಂದ ತಳ್ಳುವ ಬಲ 8,800ರಿಂದ ಸುಮಾರು 7,500 ನ್ಯೂಟನ್ನಿಗೆ ಇಳಿಯುತ್ತದೆ. ಮೊದಲಿನಂತಾಗಲು ಕ್ರೌನ್ ಪಿನಿಯನ್ ಅನುಪಾತ 4.88ರಿಂದ 5.75ಕ್ಕೆ ಏರಬೇಕು. ಮುಂದಿನ ಅಚ್ಚು ಹಿಂದಿನ ಅಚ್ಚು ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ನಾಲ್ಕು ಚಕ್ರದ ಚಾಲನೆಯಲ್ಲಿ ಎರಡು ಅಚ್ಚುಗಳು ಜಗಳಕ್ಕೆ ಬಿದ್ದು ಗೇರು ಮುರಿಯುತ್ತದೆ.

ಎರಡನೆಯದು, ಬ್ರೇಕಿನ ಟಾರ್ಕೂ ಅದೇ ಉಳಿಯುತ್ತದೆ. ಪೆಡಲನ್ನು ಅಷ್ಟೇ ಒತ್ತಿದರೆ ನಿಲ್ಲಿಸುವ ಬಲ ಶೇಕಡಾ 15 ಕಡಿಮೆ. ಜೊತೆಗೆ ವೇಗಮಾಪಕ 50 ತೋರಿಸುವಾಗ ನಿಜವಾದ ವೇಗ 59. ವೇಗ ಹೆಚ್ಚು, ಬ್ರೇಕು ಕಡಿಮೆ. ಎರಡೂ ಒಂದೇ ದಿಕ್ಕಿನ ತಪ್ಪುಗಳು.

ಮೂರನೆಯದು, ಹಿಡಿತ ಸಿಕ್ಕಾಗ ಅರ್ಧ ಶಾಫ್ಟಿನ ಮೇಲೆ ಬೀಳುವ ಗರಿಷ್ಠ ಟಾರ್ಕು ತ್ರಿಜ್ಯದೊಂದಿಗೆ ಏರುತ್ತದೆ, ಶೇಕಡಾ 18ರಷ್ಟು. ಗುಂಡನೆಯ ಶಾಫ್ಟಿನ ತಿರುಚು ತ್ರಾಣ ವ್ಯಾಸದ ಘನಕ್ಕೆ ಅನುಪಾತ. ವ್ಯಾಸ ಶೇಕಡಾ 10 ಹೆಚ್ಚಿಸಿದರೆ ತ್ರಾಣ ಶೇಕಡಾ 33 ಏರುತ್ತದೆ. ದಪ್ಪ ಶಾಫ್ಟು ಹಾಕುವವರ ಲೆಕ್ಕ ಇದು. ಆದರೆ ನೆನಪಿಡಿ: ಸರಪಳಿಯ ಒಂದು ಕೊಂಡಿ ಗಟ್ಟಿಯಾದರೆ ಮುರಿಯುವ ಸರದಿ ಮುಂದಿನ ಕೊಂಡಿಯದು. ಅದು ಸ್ಟೀರಿಂಗಿನ ಬಳಿಯ ಜಾಯಿಂಟ್ ಆಗಿರಬಹುದು.

ಎತ್ತರಿಸುವ ಆಸೆ

ಕಮಾನು ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿ ಎತ್ತರಿಸುವುದು ಸುಲಭದ ದಾರಿ. ಸ್ಪ್ರಿಂಗಿನ ಬಿಗಿತ ಪಟ್ಟಿಗಳ ಸಂಖ್ಯೆಗೆ, ದಪ್ಪದ ಘನಕ್ಕೆ ನೇರ ಅನುಪಾತ. ಉದ್ದದ ಘನಕ್ಕೆ ವಿಲೋಮ ಅನುಪಾತ. ಐದು ಪಟ್ಟಿಯ ಬದಲು ಆರು ಎಂದರೆ ಶೇಕಡಾ 20 ಬಿಗಿ. ಎತ್ತರವೇನೋ ಬಂತು, ಆದರೆ ಅಚ್ಚು ಓಲಾಡುವುದು ಕಡಿಮೆಯಾಯಿತು. ಯಾವ ಗುಣಕ್ಕಾಗಿ ಇಡಿ ಅಚ್ಚನ್ನು ಮೆಚ್ಚಿದೆವೋ ಅದನ್ನೇ ಕೊಟ್ಟು ಎತ್ತರವನ್ನು ಕೊಂಡಂತಾಯಿತು.

ಮಗುಚುವ ಲೆಕ್ಕ ಇನ್ನೂ ಮುಖ್ಯ. ಎಡಬಲ ಚಕ್ರಗಳ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಅಂತರ 1.24 ಮೀಟರ್, ಎತ್ತರ 0.65 ಮೀಟರ್ ಎಂದುಕೊಂಡರೆ 0.62 ÷ 0.65 = 0.95. ಇದು ಮಗುಚುವ ಓರೆಯ ಟ್ಯಾಂಜೆಂಟ್, ಸುಮಾರು 44 ಡಿಗ್ರಿ. ನಾಲ್ಕು ಇಂಚಿನ ಸ್ಪ್ರಿಂಗು, ದೊಡ್ಡ ಟೈರು ಸೇರಿ ಗುರುತ್ವ ಕೇಂದ್ರ 15 ಸೆಂಟಿಮೀಟರ್ ಮೇಲೇರಿದರೆ 0.62 ÷ 0.80 = 0.78, ಸುಮಾರು 38 ಡಿಗ್ರಿ. ಆರು ಡಿಗ್ರಿ ತಾನೆ ಎನ್ನಬೇಡಿ. ಒಣ ಡಾಂಬರಿನ ಮೇಲೆ ಟೈರಿನ ಘರ್ಷಣಾ ಗುಣಾಂಕ ಸುಮಾರು 0.8. ಮೊದಲಿನ ಜೀಪನ್ನು ತಿರುವಿನಲ್ಲಿ ವೇಗವಾಗಿ ತಿರುಗಿಸಿದರೆ 0.8ಕ್ಕೆ ಟೈರು ಜಾರುತ್ತದೆ, 0.95ರ ಮಗುಚುವ ಮಿತಿ ಮುಟ್ಟುವುದೇ ಇಲ್ಲ. ಎತ್ತರಿಸಿದ ಜೀಪಿನಲ್ಲಿ 0.78 ಮೊದಲು ಬರುತ್ತದೆ: ಜಾರುವ ಮೊದಲೇ ಅದು ಮಗುಚುತ್ತದೆ. ಸ್ಪ್ರಿಂಗು ಒಂದು ಬದಿಗೆ ಕುಗ್ಗುವುದನ್ನೂ ಸೇರಿಸಿದರೆ ನಿಜ ಸ್ಥಿತಿ ಇದಕ್ಕಿಂತ ಕೆಟ್ಟದ್ದು. ಜಾರಿದ ವಾಹನ ಎಚ್ಚರಿಸುತ್ತದೆ, ಮಗುಚಿದ್ದು ಎಚ್ಚರಿಸುವುದಿಲ್ಲ.

ಎತ್ತರಿಸಿದಾಗ ಪ್ರೊಪೆಲ್ಲರ್ ಶಾಫ್ಟಿನ ಓರೆಯೂ ಹೆಚ್ಚುತ್ತದೆ. ಅದರ ತುದಿಯ ಕ್ರಾಸ್ ಜಾಯಿಂಟಿಗೆ ಒಂದು ವಿಚಿತ್ರ ಗುಣವಿದೆ. ಓರೆಯ ಕೋನದಲ್ಲಿ, ಒಂದು ಬದಿ ಸಮವೇಗದಲ್ಲಿ ತಿರುಗಿದರೂ ಇನ್ನೊಂದು ಬದಿಯ ವೇಗ ಕೋನದ ಕೊಸೈನ್ ಮತ್ತು ಅದರ ವಿಲೋಮದ ನಡುವೆ ಏರಿಳಿಯುತ್ತದೆ. 30 ಡಿಗ್ರಿಗೆ ಇದು 0.87ರಿಂದ 1.15. ಎರಡು ತುದಿಯ ಕೋನಗಳು ಸಮವಾಗಿದ್ದು ಜಾಯಿಂಟುಗಳು ಹೊಂದಿಕೆಯಾಗಿದ್ದರೆ ಏರಿಳಿತಗಳು ಒಂದನ್ನೊಂದು ಕಳೆಯುತ್ತವೆ. ಕೋನ ಕೆಟ್ಟರೆ ಗಡಗಡ ಶುರು. ಇದನ್ನು ಸರಿಪಡಿಸಲು ಮುಂದಿನ ಅಚ್ಚನ್ನು ತಿರುಗಿಸಿ ಕೂರಿಸಿದರೆ, ಸ್ಟೀರಿಂಗನ್ನು ನೇರಕ್ಕೆ ತರುವ ಕ್ಯಾಸ್ಟರ್ ಕೋನ ಕಡಿಮೆಯಾಗಿ ಮೊದಲು ಹೇಳಿದ ನಡುಕ ಹೆಚ್ಚುತ್ತದೆ. ಬ್ರೇಕಿನ ಹೋಸು ಸಾಲದೆ ಬಿಗಿದು ಹರಿಯುವ ಅಪಾಯವೂ ಇದೆ.

ಕಾನೂನಿನ ಮಾತೂ ಇಲ್ಲಿ ಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಸವೆದ ಭಾಗಗಳಿಗೆ ಬದಲು ಮೂಲ ಅಳತೆಯ ಹೊಸ ಭಾಗ ಹಾಕುವುದು ರಿಪೇರಿ. ವಾಹನದ ರೂಪವನ್ನೇ ಬದಲಿಸುವುದು ಬೇರೆ ವಿಷಯ. ಕೈಹಾಕುವ ಮೊದಲು ಸಾರಿಗೆ ಕಚೇರಿಯಲ್ಲಿ ಕೇಳುವುದು ಒಳ್ಳೆಯದು.

ತರಗತಿಯಲ್ಲಿ ಮಾಡಿ ನೋಡಿ

1. ಆಟಿಕೆ ಜೀಪನ್ನು ಒರಟು ಹಲಗೆಯ ಮೇಲೆ ಅಡ್ಡಲಾಗಿ ಇಟ್ಟು ಹಲಗೆಯನ್ನು ನಿಧಾನವಾಗಿ ಎತ್ತಿ. ಯಾವ ಕೋನದಲ್ಲಿ ಜಾರಿತು ಅಥವಾ ಮಗುಚಿತು? ಮೇಲೆ ಒಂದು ಬೆಂಕಿಪೊಟ್ಟಣದಷ್ಟು ಮಣ್ಣು ತುಂಬಿ ಕಟ್ಟಿ ಮತ್ತೆ ಮಾಡಿ. ಜಾರುವುದು ಮಗುಚುವುದಾಗಿ ಬದಲಾಗುವ ಎತ್ತರವನ್ನು ಗುರುತಿಸಿ.

2. ಸೈಕಲ್ಲಿನ ಮುಂದಿನ ಚಕ್ರ ಬಿಚ್ಚಿ, ಅಚ್ಚಿನ ಎರಡು ತುದಿ ಹಿಡಿದು, ಇನ್ನೊಬ್ಬರಿಂದ ಜೋರಾಗಿ ತಿರುಗಿಸಿ. ಈಗ ಒಂದು ಕೈ ಮೇಲೆತ್ತಿ. ಚಕ್ರ ಯಾವ ಕಡೆಗೆ ಹೊರಳಲು ನೋಡುತ್ತದೆ?

3. ಒಂದು ತಟ್ಟೆಯಲ್ಲಿ ಒಣ ಮರಳು, ಇನ್ನೊಂದರಲ್ಲಿ ನೆನೆದ ಎರೆಮಣ್ಣು. ಸಣ್ಣ ಮರದ ತುಂಡನ್ನು ಇಟ್ಟು ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ತುಂಡಿನ ಮೇಲೆ ತೂಕ ಹೆಚ್ಚಿಸಿದಾಗ ಎಲ್ಲಿ ಬಲ ಏರಿತು, ಎಲ್ಲಿ ಹೆಚ್ಚು ಏರಲಿಲ್ಲ? ಮಂಡಲದ ಮೇಲೆ ಬಿಂದುಗಳನ್ನು ಗುರುತಿಸಿದರೆ ಕೂಲಂಬನ ಎರಡು ಪದಗಳು ಕಣ್ಣೆದುರು ಬರುತ್ತವೆ.

ಕೊನೆಗೆ ಜೀಪು ಏನಾಯಿತು?

ನಾನು ಹುಡುಗನಿಗೆ ಉತ್ತರ ಹೇಳಲಿಲ್ಲ. ಮೇಲಿನ ಲೆಕ್ಕಗಳನ್ನು ಅವನ ಜೀಪಿನ ಅಳತೆಗಳೊಂದಿಗೆ ಅವನಿಂದಲೇ ಮಾಡಿಸಿದೆ. ಒಂದು ವಾರದ ನಂತರ ಅವನು ತಂದ ಪಟ್ಟಿಯ ಕ್ರಮ ಹೀಗಿತ್ತು: ಮೊದಲು ಬ್ರೇಕು. ನಂತರ ಸ್ಟೀರಿಂಗಿನ ಸವೆದ ಜಾಯಿಂಟುಗಳು, ಚಕ್ರದ ಬೇರಿಂಗು, ಆಯಿಲ್ ಸೀಲು. ಆಮೇಲೆ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿದ್ದ ಸ್ಪ್ರಿಂಗು ಪಟ್ಟಿಗಳನ್ನು ಬಿಚ್ಚಿ, ಉಜ್ಜಿ, ಗ್ರೀಸು ಹಚ್ಚಿ ಮತ್ತೆ ಕಟ್ಟುವುದು. ಹೊಸ ಪಟ್ಟಿ ಇಲ್ಲ. ಬಳಿಕ ಹಿಂದಿನ ಅಚ್ಚಿಗೆ ಒಂದು ಲಾಕರ್, ಅದೂ ಸಾರಿಗೆ ಕಚೇರಿಯಲ್ಲಿ ಕೇಳಿದ ಮೇಲೆ. ಮೂಲ ಅಳತೆಯದೇ, ಆಳವಾದ ಗಾಡಿಯ ಟೈರು. ಕೊನೆಯಲ್ಲಿ ಕಾಲು ಪಂಪು, ಮೀಟರು, ಒಂದು ಸಲಿಕೆ, ಎರಡು ಹಲಗೆ. ನಾಲ್ಕು ಇಂಚಿನ ಎತ್ತರವೂ ಮೂವತ್ಮೂರು ಇಂಚಿನ ಟೈರೂ ಪಟ್ಟಿಯಲ್ಲಿ ಇರಲಿಲ್ಲ.

ಮುಂದಿನ ಮಳೆಗಾಲದಲ್ಲಿ, ನೆನೆದ ಅದೇ ದಾರಿಯಲ್ಲಿ ನನ್ನನ್ನು ಕೂರಿಸಿಕೊಂಡು ಹೋದ. ಎರೆ ಆರಂಭವಾಗುವ ಕಡೆ ಇಳಿದು ನಾಲ್ಕೂ ಟೈರಿನ ಗಾಳಿ ಬಿಟ್ಟ, ಕೆಳ ಗೇರು ಹಾಕಿದ. ಜೀಪು ಎತ್ತಿನ ಬಂಡಿಯ ಹಾಗೆ ನಿಧಾನವಾಗಿ, ಎಲ್ಲೂ ಗಿರ್ರೆನ್ನದೆ ದಾಟಿತು. ಮನೆಯ ಅಂಗಳದಲ್ಲಿ ಅವನ ಅಕ್ಕ ಮಗುವನ್ನು ಎತ್ತಿಕೊಂಡು ನಿಂತಿದ್ದರು. "ಈಗ ಹೂತು ಬೀಳೂದಿಲ್ಲೇನೋ?" ಎಂದು ತಮ್ಮನನ್ನು ಕೇಳಿದರು. "ಹೂತ್ರೂ ಹೊರಗ ಬರೂದು ಗೊತ್ತಾಗ್ಯದ ಅಕ್ಕ," ಎಂದ ಅವನು, ಪಂಪು ಕೈಗೆ ತೆಗೆದುಕೊಳ್ಳುತ್ತಾ.